ಎರಡು ಚುಕ್ಕಿಯ ಪಿಸ್ತೂಲು

ಬೆಳಗಾವಿಯ ಖಾಸಬಾಗದ ಪಾಯಪ್ಪ ಬೋಗಾರನ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ತುತ್ತು ಎತ್ತುತ್ತಿರಲಿಲ್ಲ. ಉಳ್ಳಾಗಡ್ಡಿಯಂತೂ ಆ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅದೇ ಮನೆಯ ಅಟ್ಟದ ಮೇಲೆ, ಸಾಗವಾನಿ ಪೆಟ್ಟಿಗೆಯೊಳಗೆ, ಏಳು ಪಿಸ್ತೂಲುಗಳಿದ್ದವು. ಕಂಪನಿ ಸರಕಾರದ ಕಾಲದಲ್ಲಿ ಕುದುರೆ ಸವಾರರು ತಡಿಯ ಎರಡೂ ಬದಿಗೆ ಒಂದೊಂದರಂತೆ ಸಿಕ್ಕಿಸಿಕೊಳ್ಳುತ್ತಿದ್ದ ದಂಡಿನ ಪಿಸ್ತೂಲುಗಳು. ಓಣಿಯ ಮಂದಿ ಇದನ್ನು ಹೇಳಿಕೊಂಡು ನಗುತ್ತಿದ್ದರು. ನಗಲಿ ಬಿಡಿ. ನಗುವವರ ಅಟ್ಟ ಹತ್ತಿ ನೋಡಿದರೆ ಅಲ್ಲಿ ಏನೇನು ಸಿಕ್ಕೀತೋ ಯಾರಿಗೆ ಗೊತ್ತು!

ಪಾಯಪ್ಪನದು ಅಜ್ಜನ ಕಾಲದಿಂದ ಬಂದ ಹಿತ್ತಾಳೆ, ತಾಮ್ರದ ವ್ಯಾಪಾರ. ಹೊಸ ಕೊಡ ಕೊಟ್ಟು ಹಳೆಯ ಒಡಕು ಪಾತ್ರೆಯನ್ನು ತೂಕಕ್ಕೆ ಹಾಕಿಕೊಳ್ಳುವುದು ಬೋಗಾರರ ಪದ್ಧತಿ. ಹಾಗೆ ಖಾನಾಪುರದ ಕಡೆಯಿಂದ ಬಂದ ಒಂದು ಚೀಲದಲ್ಲಿ, ಸೋರುವ ತಂಬಿಗೆ ಮತ್ತು ಮುರುಕು ಸೌಟುಗಳ ನಡುವೆ, ಮೊದಲನೆಯ ಪಿಸ್ತೂಲು ಬಂತು. ನಳಿಗೆ ತುಕ್ಕು ಹಿಡಿದಿತ್ತು, ಕಟ್ಟಿಗೆಯನ್ನು ಗೆದ್ದಲು ತಿಂದಿತ್ತು. ಹಿಡಿಯ ತುದಿಗೆ ಮಾತ್ರ ಹಿತ್ತಾಳೆಯ ಟೊಪ್ಪಿಗೆ ಗಟ್ಟಿಯಾಗಿ ಕೂತಿತ್ತು. ಅವನ ಅಪ್ಪನಾಗಿದ್ದರೆ ಹಿತ್ತಾಳೆಯನ್ನು ಕಿತ್ತು ತಕ್ಕಡಿಗೆ ಹಾಕಿ ಉಳಿದದ್ದನ್ನು ತಿಪ್ಪೆಗೆ ಎಸೆಯುತ್ತಿದ್ದ. ಪಾಯಪ್ಪನೂ ಸುತ್ತಿಗೆ ಎತ್ತಿದ್ದವನೇ. ಎತ್ತಿದವನು ಯಾಕೋ ಆ ಟೊಪ್ಪಿಗೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಎಂಥ ಎರಕ! ಎಲ್ಲೂ ಒಂದು ಗುಳ್ಳೆಯಿಲ್ಲ, ಅಂಚಿನಲ್ಲಿ ಒರಟಿಲ್ಲ. ಕಾಣದ ದೇಶದ ಯಾವನೋ ಬೋಗಾರ ತನ್ನನ್ನು ಮಾತಾಡಿಸಿದ ಹಾಗಾಯಿತು ಅವನಿಗೆ. ಟೊಪ್ಪಿಗೆಯ ಕೆಳಗೆ ಸವಾರನ ನಂಬರು ಕೆತ್ತಿತ್ತು, ಅದರ ಮುಂದೆ ಎರಡು ಚುಕ್ಕಿ.

ಸುತ್ತಿಗೆ ಕೆಳಗಿಟ್ಟು, ಅದನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು, ರೈಲು ಹತ್ತಿ ಖಾನಾಪುರಕ್ಕೆ ಹೋದ. ಅಲ್ಲಿ ಮಲಪ್ರಭೆಯ ದಂಡೆಗೆ ಸಿದರಾಯ ಎಂಬ ಕಮ್ಮಾರನ ಕುಲುಮೆ ಇತ್ತು. ಸಿದರಾಯ ಹುಬ್ಬಳ್ಳಿಯ ರೈಲಿನ ಕಾರಖಾನೆಯಲ್ಲಿ ನಾಲ್ಕಾರು ವರ್ಷ ದುಡಿದು ಬಂದವನು, ಕೀಲು ಕಮಾನುಗಳ ಕೆಲಸದಲ್ಲಿ ಪಳಗಿದವನು. ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿ ಅವನೆಂದ:

"ಇದು ಜೋಡಿಯೊಳಗಿಂದು ಬರ್ರಿ ಸಾವಕಾರ್ರ. ಎರಡು ಚುಕ್ಕಿ ಅಂದ್ರ ಎರಡನೇದ್ದು. ಒಂದು ಚುಕ್ಕಿದು ಎಲ್ಲೋ ಒಂದು ಕಡೆ ಇರಬೇಕು."

ಆ ಮಾತು ಪಾಯಪ್ಪನ ತಲೆಯೊಳಗೆ ಮನೆ ಮಾಡಿಬಿಟ್ಟಿತು. ಸಿದರಾಯ ನಳಿಗೆಯನ್ನು ಎಣ್ಣೆಯಲ್ಲಿ ನೆನೆಸಿ ತುಕ್ಕು ಬಿಡಿಸಿದ, ಹೊಸ ಕಮಾನು ಬಡಿದು ಕೂರಿಸಿದ, ಖಾನಾಪುರದ ಅಡವಿಯ ಬೀಟೆ ಕಟ್ಟಿಗೆಯಿಂದ ಹಿಡಿ ಕೆತ್ತಿಸಿದ. ಹಿತ್ತಾಳೆಯನ್ನು ಪಾಯಪ್ಪ ತಾನೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ಪಿಸ್ತೂಲಿನ ಕುದುರೆ ಎನ್ನುವ ಬಡಿಗೊಕ್ಕೆಯ ದವಡೆಯಲ್ಲಿ, ಎಂದರೆ ಕಿಡಿ ಹಾರಿಸುವ ಚಕಮಕಿ ಕಲ್ಲನ್ನು ಕಚ್ಚಿಕೊಳ್ಳುವ ಜಾಗದಲ್ಲಿ, ಕಲ್ಲನ್ನು ಮಾತ್ರ ಇಡಗೊಡಲಿಲ್ಲ. ಕಮಾನು ಪರೀಕ್ಷಿಸುವಾಗಲೂ ಸಿದರಾಯ ಅಲ್ಲಿ ಕಟ್ಟಿಗೆಯ ಚೂರನ್ನೇ ಕಚ್ಚಿಸಬೇಕು. ಆಮೇಲೆ ಬಂದ ಎಲ್ಲವಕ್ಕೂ ಅದೇ ನೇಮ. ಫೌಜದಾರನೊಬ್ಬ ಒಮ್ಮೆ ವಿಚಾರಣೆಗೆ ಬಂದವನು ಆ ಬರಿ ದವಡೆಗಳನ್ನು ನೋಡಿ, ಮೋಡಕಾ ಸಾಮಾನು, ಬರೀ ಗುಜರಿ ಎಂದು ನಕ್ಕು ಹೋಗಿದ್ದ.

ಹೆಂಡತಿ ಅಕ್ಕಾತಾಯಿ ನಗಲಿಲ್ಲ. "ಹಿಂಸಾದ ಸಾಮಾನಿಗೆ ಇಷ್ಟು ಉಪಚಾರ ಯಾಕ್ರಿ?" ಎಂದು ಕೇಳಿದಳು.

"ನಮ್ಮನ್ಯಾಗ ಇದ್ದಷ್ಟು ದಿನ ಇವು ಯಾರನ್ನೂ ಕೊಲ್ಲೂದಿಲ್ಲಲ್ಲ."

"ಹಂಗಾರ ಮುರದು ಒಗೀರಿ. ತಿಕ್ಕಿ ತಿಕ್ಕಿ ಹೊಳಸೂದು ಯಾಕ?"

ಅವನಲ್ಲಿ ಇದ್ದದ್ದು ಆಸೆ, ಅದನ್ನು ಹೆಂಡತಿಯ ಮುಂದೆ ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ. ಅಕ್ಕಾತಾಯಿ ಆ ಪೆಟ್ಟಿಗೆಯನ್ನು ಒಂದು ದಿನವೂ ಮುಟ್ಟಲಿಲ್ಲ. ಅಟ್ಟ ಗುಡಿಸುವಾಗ ಅದರ ಸುತ್ತ ಗುಡಿಸಿ ಬರುತ್ತಿದ್ದಳು.

ಮುಂದೆ ನಡೆದದ್ದು ಹೇಳಲಿಕ್ಕೂ ಕಷ್ಟ. ಲೋಂಡಾದ ಅಡವಿಯಿಂದ ಸ್ಟೇಷನ್ನಿಗೆ ಕಟ್ಟಿಗೆ ಹೇರುವ ಗಾಡಿಯ ಹಣಮಪ್ಪ ಎಂಬವನ ಹತ್ತಿರ ಹಿತ್ತಾಳೆ ನಳಿಗೆಯ ಪಿಸ್ತೂಲೊಂದಿತ್ತು. ಪಾಯಪ್ಪನ ಕಣ್ಣು ಅದರ ಮೇಲೆ ಬಿತ್ತು. ತನ್ನ ಹತ್ತಿರ ಇದ್ದುದರಲ್ಲಿ ಒಂದನ್ನು, ಸಿದರಾಯ ತಿದ್ದಿ ಹೊಳಪು ಕೊಟ್ಟದ್ದನ್ನು, ಕೊಟ್ಟು ಅದನ್ನು ತಂದ. "ಗ್ವಾಡಿಗೆ ತೂಗ ಹಾಕ್ತೀನ್ರಿ, ಚಂದ ಕಾಣ್ತೈತಿ" ಎಂದಿದ್ದ ಹಣಮಪ್ಪ. ಆರು ತಿಂಗಳು ತೂಗಿಯೂ ಹಾಕಿದ್ದ. ಬತ್ತದ ಗದ್ದೆಗೆ ಹಂದಿ ಬಿದ್ದ ದಿನ ಗೋಡೆಯಿಂದ ಇಳಿಸಿ, ಕಲ್ಲು ಕಚ್ಚಿಸಿ, ಮದ್ದು ತುಂಬಿದ. ನಳಿಗೆ ಕೈಯಲ್ಲೇ ಒಡೆಯಿತು. ಬಲಗೈಯ ಮೂರು ಬೆರಳು ಹೋದವು.

ಹಳೆಯ ಕಬ್ಬಿಣದೊಳಗೆ ಬಿರುಕಿತ್ತು. ತಿಕ್ಕಿ ತಿಕ್ಕಿ ಹೊಳಪು ಕೊಟ್ಟ ಮೇಲೆ ಯಾರಿಗೆ ಕಾಣಬೇಕು? ತುಕ್ಕು ಹಿಡಿದ ಹಾಗೆಯೇ ಇದ್ದಿದ್ದರೆ ಹಣಮಪ್ಪ ಅದಕ್ಕೆ ಮದ್ದು ಹಾಕುವ ಮಾತೇ ಇರಲಿಲ್ಲ. ಇದು ಪಾಯಪ್ಪನಿಗೆ ಯಾರೂ ಹೇಳದೆ ಅರ್ಥವಾಯಿತು. ಹೋಗಿ ಹಣಮಪ್ಪನ ಕಾಲ ಹತ್ತಿರ ಕೂತು ಅತ್ತ. "ಹೋಗ್ಲಿ ಬಿಡ್ರಿ ಸಾವಕಾರ್ರ, ಎಡಗೈ ಐತಲ್ಲ" ಎಂದ ಹಣಮಪ್ಪ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗಾಡಿ ಹೊಡೆಯುವುದು ಅವನಿಂದ ಆಗದಾಯಿತು. ಸಿದರಾಯ ಅವನನ್ನು ಕರೆದು ತನ್ನ ಕುಲುಮೆಯ ತಿದಿ ಊದುವ ಕೆಲಸಕ್ಕೆ ಇಟ್ಟುಕೊಂಡ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ಪಾಯಪ್ಪ ಬಸದಿಗೆ ಬಂದಿದ್ದ ತ್ಯಾಗಿಗಳ ಮುಂದೆ ಎರಡು ವ್ರತ ತೊಟ್ಟ. ಒಂದು, ತನ್ನ ಮನೆಗೆ ಬಂದ ಆಯುಧವನ್ನು ಮಾರಿಯಾಗಲಿ, ಬದಲಿಗಾಗಲಿ, ಎರವಲಾಗಲಿ ಮತ್ತೊಬ್ಬರ ಕೈಗೆ ಕೊಡುವುದಿಲ್ಲ. ಜೈನ ಶ್ರಾವಕನಾದವನಿಗೆ ಅದು ಸಲ್ಲದು, ಅದಕ್ಕೆ ಹಿಂಸಾದಾನವೆಂದೇ ಹೆಸರು. ಎರಡು, ಪರಿಗ್ರಹಕ್ಕೆ, ಎಂದರೆ ಕೂಡಿಟ್ಟುಕೊಳ್ಳುವುದಕ್ಕೆ, ಮಿತಿ ಇರಬೇಕಲ್ಲ, ಏಳಕ್ಕಿಂತ ಹೆಚ್ಚು ಪಿಸ್ತೂಲು ಇಟ್ಟುಕೊಳ್ಳುವುದಿಲ್ಲ.

"ಈಗ ಎಷ್ಟು ಅದಾವು?" ಎಂದು ಕೇಳಿದರು ತ್ಯಾಗಿಗಳು.

"ಆರು ರೀ."

"ಹಂಗಾರ ಏಳು ಯಾಕಪಾ?"

ಪಾಯಪ್ಪ ತಲೆ ತಗ್ಗಿಸಿದ. ಏಳನೆಯ ಜಾಗ ಒಂದು ಚುಕ್ಕಿಯದಕ್ಕೆ. ದೇವರ ಮುಂದೆ ಕೈಮುಗಿದು ನಿಂತಾಗಲೂ ಅವನ ಆಸೆ ಪಕ್ಕದಲ್ಲೇ ನಿಂತಿತ್ತು. ತ್ಯಾಗಿಗಳು ಒತ್ತಿ ಕೇಳಲಿಲ್ಲ. ಅವರೂ ಮನುಷ್ಯರನ್ನು ಕಂಡವರು.

ಆಮೇಲೆ ಆ ಜಾಗವನ್ನಾದರೂ ಕಾದಿಟ್ಟುಕೊಂಡನೇ? ಅದೂ ಇಲ್ಲ. ಎರಡು ವರ್ಷ ತಡೆದು, ಮೂರನೆಯ ವರ್ಷ ಬೆಳ್ಳಿ ತಂತಿ ಕೂರಿಸಿದ ಹಿಡಿಯ ಪಿಸ್ತೂಲೊಂದನ್ನು ಕಂಡು ಮನಸ್ಸು ಜಾರಿಸಿಕೊಂಡ. ಏಳು ತುಂಬಿತು. ಸಿದರಾಯ ಏಳನ್ನೂ ಪರೀಕ್ಷೆ ಮಾಡಿದ. ರೈಲಿನ ಕಾರಖಾನೆಯಲ್ಲಿ ಕಲಿತ ಉಪಾಯ ಅದು. ನಳಿಗೆಯನ್ನು ಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಒಣ ಸುಣ್ಣದ ಪುಡಿ ಸವರಿ ಇಟ್ಟರೆ, ಬಿರುಕು ಇದ್ದಲ್ಲಿ ಎಣ್ಣೆ ಜಿನುಗಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಆರಕ್ಕೆ ಗೆರೆ ಬರಲಿಲ್ಲ. ಎರಡು ಚುಕ್ಕಿಯದಕ್ಕೆ ಬಂತು, ನಳಿಗೆಯ ಬುಡದಲ್ಲಿ, ಬೆರಳುದ್ದ. ಅದನ್ನು ಕಂಡ ಮೇಲೆ ಪಾಯಪ್ಪನಿಗೆ ಅದರ ಮೇಲಿನ ಪ್ರೀತಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ನಡೆದ ಮರುವರ್ಷ, ಮಾಘ ಮಾಸದಲ್ಲಿ, ಖಾನಾಪುರದಿಂದ ಬಂದ ಗಿರಾಕಿಯೊಬ್ಬ ಸಿದರಾಯನ ಸುದ್ದಿ ತಂದ. "ಒಂದು ಚುಕ್ಕಿದು ಬಂದೈತಿ ಅಂತ ಹೇಳಂದಾರ್ರಿ." ಪಾಯಪ್ಪ ಕೈಯಲ್ಲಿದ್ದ ತಕ್ಕಡಿಯನ್ನು ಅಲ್ಲೇ ಬಿಟ್ಟು ಎದ್ದ. ಗಿರಾಕಿಯ ಕೊಡ ಅರ್ಧ ತೂಗಿದಲ್ಲೇ ಉಳಿಯಿತು.

ಕುಲುಮೆಯ ಕಟ್ಟೆಯ ಮೇಲೆ ಕಾಕತಿ ಊರಿನ ಗೌಡ ಗುರುಪುತ್ರಪ್ಪ ಕೂತಿದ್ದ. ಎತ್ತರದ ಆಳು, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಗಟ್ಟಿ ದನಿ. ಪಿಸ್ತೂಲು ಅವನ ಮನೆತನದ್ದು, ಪರವಾನಗಿಯೂ ಇತ್ತು. ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರು ಬಂದು ಇಳಿದಾಗ ಈಡು ಹಾರಿಸುವುದು ಅವರ ಮನೆಯ ಪದ್ಧತಿ, ಅದಕ್ಕೆಂದು ತಿದ್ದಿಸಲು ತಂದಿದ್ದ. ಪಾಯಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅದೇ ಟೊಪ್ಪಿಗೆ, ಅದೇ ನಂಬರು, ಮುಂದೆ ಒಂದೇ ಚುಕ್ಕಿ. ನಳಿಗೆಗೆ ಸಿದರಾಯ ಆಗಲೇ ಸುಣ್ಣ ಸವರಿದ್ದ. ಬುಡದಲ್ಲಿ, ಅದೇ ಜಾಗದಲ್ಲಿ, ಬೆರಳುದ್ದದ ಗೆರೆ. ಒಂದೇ ಕಬ್ಬಿಣದಿಂದ ಹುಟ್ಟಿದವಕ್ಕೆ ಒಂದೇ ರೋಗ.

"ಇದನ್ನ ಹಾರಸಬ್ಯಾಡ್ರಿ ಗೌಡ್ರ" ಎಂದ ಪಾಯಪ್ಪ. "ಕೈ ಹೋಗ್ತೈತಿ."

ಗುರುಪುತ್ರಪ್ಪ ನಕ್ಕ. "ಬೋಗಾರ್ರ, ನಿಮ್ಮ ಸುದ್ದಿ ಕಾಕತಿ ತನಕಾ ಐತಿ. ಜೋಡಿ ಕೂಡಸೂ ಆಸೆ ನಿಮಗ. ಅದಕ್ಕ ಇದು ಒಡದೈತಿ ಅಂತ ಈ ಕಮ್ಮಾರನ ಬಾಯಿಲೆ ಹೇಳಸಾಕತ್ತೀರಿ. ಸುಣ್ಣದಾಗ ಗೆರಿ ಕಂಡ್ರ ಕಬ್ಬಿಣ ಒಡೀತೈತೇನು?"

ಆ ಮಾತಿನಲ್ಲಿ ಅರ್ಧ ಖರೆ ಇತ್ತು. ಆಸೆ ಇಲ್ಲದವನು ಹೇಳಿದ್ದರೆ ಗುರುಪುತ್ರಪ್ಪ ನಂಬುತ್ತಿದ್ದನೋ ಏನೋ. ಬೇಕು ಬೇಕೆಂದು ಊರೆಲ್ಲ ಹುಡುಕಿದವನ ಬಾಯಲ್ಲಿ ಬೇಡವೆಂಬ ಬುದ್ಧಿಮಾತು ಬಂದರೆ ಯಾರು ನಂಬಿಯಾರು!

"ಒಂದು ಕೆಲಸ ಮಾಡೂಣು" ಎಂದ ಗುರುಪುತ್ರಪ್ಪ. "ನಿಮ್ಮ ಏಳರಾಗ ಗಟ್ಟಿ ಇದ್ದದ್ದು ಒಂದು ನನಗ ಕೊಡ್ರಿ. ಇದನ್ನ ನೀವು ಒಯ್ರಿ. ರೊಕ್ಕದ ಮಾತು ಬ್ಯಾಡ. ಇಲ್ಲಾ ಅಂದ್ರ ಇದನ್ನs ಹಾರಸ್ತೀನಿ. ಸಿದರಾಯ ಆಗೂದಿಲ್ಲ ಅಂದ್ರ ಬೆಳಗಾವ್ಯಾಗ ಕಮ್ಮಾರರಿಗೇನು ಬರ ಇಲ್ಲ."

ಪಾಯಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೊಟ್ಟರೆ ಏಳು ಏಳಾಗಿಯೇ ಉಳಿಯುತ್ತದೆ, ಜೋಡಿ ಕೂಡುತ್ತದೆ, ಈ ಮನುಷ್ಯನ ಕೈಯೂ ಉಳಿಯುತ್ತದೆ. ಮುರಿಯುವುದು ಒಂದು ವ್ರತ ಮಾತ್ರ. ಅವನು ಸಿದರಾಯನ ಮುಖ ನೋಡಿದ.

"ಉಳದ ಆರು ಗಟ್ಟಿ ಅಂತ ನಾ ಹೇಳಾಂಗಿಲ್ರಿ ಸಾವಕಾರ್ರ" ಎಂದ ಸಿದರಾಯ. "ಸುಣ್ಣ ಹೊರಗಿಂದಷ್ಟ ಹೇಳ್ತೈತಿ. ಒಳಗಿಂದು ಯಾರು ಕಂಡಾರ?"

ಮೂಲೆಯಲ್ಲಿ ಹಣಮಪ್ಪ ಎಡಗೈಯಿಂದ ತಿದಿ ಎಳೆಯುತ್ತಿದ್ದ. ಬಲಗೈಯ ಉಳಿದ ಎರಡು ಬೆರಳು ಸೊಂಟದ ಮೇಲಿದ್ದವು. ಅವನು ಇತ್ತ ತಿರುಗಿಯೂ ನೋಡಲಿಲ್ಲ. "ಎಂಟು ದಿನ ತಡೀರಿ, ಗೌಡ್ರ" ಎಂದಷ್ಟೇ ಹೇಳಿ ಪಾಯಪ್ಪ ಸ್ಟೇಷನ್ನಿಗೆ ನಡೆದ.

ಮನೆಯಲ್ಲಿ ಪೆಟ್ಟಿಗೆ ತೆರೆದು ಎರಡು ಚುಕ್ಕಿಯದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹನ್ನೊಂದು ವರ್ಷ. ಮಕ್ಕಳಿಲ್ಲದ ಮನೆ ಅದು. ಬಿಡುವಾದಾಗಲೆಲ್ಲ ಇದನ್ನು ಒರೆಸುತ್ತ ಕೂತದ್ದೇ ಬಂತು. ಅಕ್ಕಾತಾಯಿ ಮೆಟ್ಟಿಲ ಮೇಲೆ ನಿಂತು ಅವನು ಹೇಳಿದ್ದೆಲ್ಲ ಕೇಳಿಸಿಕೊಂಡಳು.

"ಕೊಟ್ರ ವ್ರತ ಹೋಗ್ತೈತಿ. ಕೊಡಲಿಲ್ಲಂದ್ರ ಅವನ ಕೈ ಹೋಗ್ತೈತಿ. ಹೇಳಿದ್ರ ನಂಬೂದಿಲ್ಲ" ಎಂದ ಪಾಯಪ್ಪ.

"ನಿಮಗ ಆಸೆ ಐತಿ ಅಂತಲೇ ನಂಬವಲ್ಲ ಅವ. ಇಲ್ಲ ಅಂತ ಹೆಂಗ ತೋರಸ್ತೀರಿ?" ಎಂದಳು ಅಕ್ಕಾತಾಯಿ.

ಅವಳು ಉತ್ತರಕ್ಕೆ ಕಾಯದೆ ಕೆಳಗಿಳಿದು ಹೋದಳು. ಪಾಯಪ್ಪ ಅಲ್ಲಿಂದ ಏಳುವ ಹೊತ್ತಿಗೆ ಏನು ಮಾಡಬೇಕೆಂಬುದು ಅವನಿಗೆ ತಿಳಿದಿತ್ತು.

ಎಂಟನೆಯ ದಿನ ಅವನು ಎರಡು ಚುಕ್ಕಿಯದನ್ನು ಅದೇ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಖಾನಾಪುರಕ್ಕೆ ಬಂದ. ಗುರುಪುತ್ರಪ್ಪನೂ ಬಂದಿದ್ದ. "ಗೌಡ್ರ, ಇದು ನನ್ನ ಮೊದಲಿಂದು. ನಿಮ್ಮದರ ತಮ್ಮ. ಇದಕ್ಕೂ ಅಲ್ಲೇ ಗೆರಿ ಐತಿ. ಮದುವ್ಯಾಗ ನಿಮ್ಮದಕ್ಕ ಎಷ್ಟು ಮದ್ದು ಹಾಕ್ತೀರಿ, ಇದಕ್ಕ ಅಷ್ಟs ಹಾಕ್ರಿ. ಹಾರಿಸಿ ನೋಡೂಣು."

"ನಿಮ್ಮದು ಹಾಳಾದ್ರ?"

"ಆಗಲಿ."

ಗುರುಪುತ್ರಪ್ಪನ ನಗು ನಿಂತಿತು. ಕುಲುಮೆಯ ಹಿಂದೆ ಹುಣಸೆಮರದ ಮೊಂಡು ಬೊಡ್ಡೆಯೊಂದಿತ್ತು. ಅದರ ಮೇಲೆ ಪಿಸ್ತೂಲನ್ನು ಬಿಗಿಯಾಗಿ ಕಟ್ಟಬೇಕು, ಹಗ್ಗದಿಂದ ಎಳೆದು ಗೋಡೆಯ ಮರೆಯಿಂದ ಹಾರಿಸಬೇಕು. ಪಾಯಪ್ಪ ಮೊದಲು ಬೊಡ್ಡೆಯ ಮುಂದೆ ಕೂತು ಧೋತರದ ಸೆರಗಿನಿಂದ ಅದರ ಮೇಲಿನ ಇರುವೆಗಳನ್ನು ಮೆಲ್ಲಗೆ ಸರಿಸಿದ. ಎದ್ದು ನಿಂತು ಚಪ್ಪಾಳೆ ತಟ್ಟಿ ಹತ್ತಿರದ ಗಿಡದ ಹಕ್ಕಿಗಳನ್ನು ಎಬ್ಬಿಸಿದ. ಬೇರೆ ಹೊತ್ತಾಗಿದ್ದರೆ ಯಾರಾದರೂ ಚೇಷ್ಟೆ ಮಾಡುತ್ತಿದ್ದರು. ಅವತ್ತು ಯಾರೂ ಮಾಡಲಿಲ್ಲ. ಗುರುಪುತ್ರಪ್ಪ ಮದ್ದು ತುಂಬಿದ. ಸಿದರಾಯ ಚಕಮಕಿ ಕಲ್ಲು ತೆಗೆದ.

"ತಾ ಇಲ್ಲೆ" ಎಂದು ಪಾಯಪ್ಪ ಕೈಚಾಚಿದ. ಹನ್ನೊಂದು ವರ್ಷ ಬರಿದಾಗಿದ್ದ ದವಡೆಗೆ ಅವನೇ ಕಲ್ಲು ಕಚ್ಚಿಸಿ ತಿರುಪು ಬಿಗಿದ.

ಹಗ್ಗ ಎಳೆದರು. ದೊಡ್ಡ ಸಪ್ಪಳ, ಹೊಗೆ. ಹೊಗೆ ಸರಿದಾಗ ಪಿಸ್ತೂಲು ಬೊಡ್ಡೆಯ ಮೇಲೆ ಇದ್ದ ಹಾಗೆಯೇ ಇತ್ತು.

ಆ ಕ್ಷಣದಲ್ಲಿ ಪಾಯಪ್ಪನಿಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಸಂತೋಷವೇ ಆಯಿತು. ನನ್ನದು ಉಳಿಯಿತು, ನನ್ನದು ಗಟ್ಟಿ ಇತ್ತು ಎಂದು ಜೀವ ಕುಣಿಯಿತು. ಮರುಗಳಿಗೆ ಗುರುಪುತ್ರಪ್ಪ "ನೋಡ್ರಿ, ನಾ ಹೇಳಿದ್ದs ಖರೆ ಆತು" ಎಂದು ಪಿಸ್ತೂಲಿನ ಕಡೆಗೆ ಹೆಜ್ಜೆ ಇಟ್ಟ. ಪಾಯಪ್ಪ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತನ್ನದನ್ನು ಸುತ್ತಿಕೊಂಡು ಸಂಜೆಯ ಊಟದ ಹೊತ್ತಿಗೆ ಮನೆ ಸೇರಬಹುದಿತ್ತು. ಯಾರೂ ಅವನನ್ನು ತಪ್ಪಿತಸ್ಥ ಅನ್ನುತ್ತಿರಲಿಲ್ಲ.

"ಮದುವ್ಯಾಗ ಒಂದs ಈಡು ಹಾರಸ್ತೀರೇನು, ಗೌಡ್ರ?" ಎಂದು ಕೇಳಿದ.

"ಒಂದ್ಯಾಕ? ಐದಾರು."

"ಹಂಗಾರ ಇನ್ನೊಮ್ಮೆ ತುಂಬ್ರಿ."

ಎರಡನೆಯ ಸಲ ಪಾಯಪ್ಪ ಗೋಡೆಯ ಮರೆಯಲ್ಲಿ ಕಣ್ಣು ಮುಚ್ಚಿ ನಿಂತ. ಜೀವಮಾನದಲ್ಲೇ ಮೊದಲ ಬಾರಿ, ಒಡೆಯಲಿ ಎಂದು ಬೇಡಿಕೊಂಡ. ತಾನು ತಿಕ್ಕಿದ, ಒರೆಸಿದ, ಯಾರಿಗೂ ಮುಟ್ಟಗೊಡದ ಆ ವಸ್ತು ಒಡೆದು ಚೂರಾಗಲಿ ಎಂದು ಹಲ್ಲು ಕಚ್ಚಿ ಬೇಡಿಕೊಂಡ.

ಈ ಸಲದ ಸಪ್ಪಳವೇ ಬೇರೆ. ಗೋಡೆಯ ಹೆಂಚೊಂದು ಒಡೆದು ಬಿತ್ತು. ಹೋಗಿ ನೋಡಿದರೆ ನಳಿಗೆ ಬುಡದಲ್ಲಿ ಹೂವಿನ ಹಾಗೆ ಬಿರಿದಿತ್ತು. ಬೀಟೆಯ ಹಿಡಿ ಸೀಳಿ ಹೋಗಿತ್ತು. ಕೈ ಇರಬೇಕಾಗಿದ್ದ ಜಾಗದಲ್ಲಿ ಕಬ್ಬಿಣದ ಚೂರು ಬೊಡ್ಡೆಯೊಳಗೆ ಗೇಣುದ್ದ ಇಳಿದಿತ್ತು. ಗುರುಪುತ್ರಪ್ಪ ಅದನ್ನು ನೋಡಿದ, ತನ್ನ ಬಲಗೈ ನೋಡಿಕೊಂಡ. ಆಮೇಲೆ, ಹಿಂದೆಯೇ ಕುಲುಮೆಗೆ ಬಂದು ಹೋಗಿದ್ದರೂ ಮೊದಲ ಸಲ, ಹಣಮಪ್ಪನ ಬಲಗೈ ನೋಡಿದ.

"ನಿನ್ನ ಕೈ ಹಿಂಗs ಹೋತೇನೋ?"

"ಹೌದ್ರಿ" ಎಂದ ಹಣಮಪ್ಪ. "ನನಗ ಯಾರೂ ಮೊದಲs ಒಡದು ತೋರಸಲಿಲ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಮಾತು ಸಾಯುವ ತನಕ ಪಾಯಪ್ಪನ ಕಿವಿಯಲ್ಲಿ ಉಳಿಯಿತು.

ಗುರುಪುತ್ರಪ್ಪ ತನ್ನ ಪಿಸ್ತೂಲನ್ನು ತಂದು ಪಾಯಪ್ಪನ ಮುಂದೆ ಇಟ್ಟ. "ಒಯ್ರಿ. ಬದಲಿಗೆ ಏನೂ ಬ್ಯಾಡ. ಬೀಗರಿಗೆ ಹಲಿಗಿ ಬಾರಿಸಿದ್ರ ಸಾಕು." ಒಡೆದದ್ದು ಹೋಗಿ ಆರಾಗಿತ್ತು, ಇದು ಸೇರಿದರೆ ಏಳು. ಎರಡೂ ವ್ರತ ಉಳಿದವು. ಪಾಯಪ್ಪ ಒಡೆದ ಚೂರುಗಳನ್ನು ಆಯ್ದು ತಂದು ಕುಲುಮೆಯ ಅಡಿಗಲ್ಲಿನ ಮೇಲೆ ಒಂದು ಚುಕ್ಕಿಯದರ ಪಕ್ಕದಲ್ಲಿ ಹೊಂದಿಸಿಟ್ಟ. ಜೋಡಿ ಕೂಡಿದ್ದು ಆಗ ಒಮ್ಮೆ ಮಾತ್ರ. ಒಂದು ಇಡಿಯಾಗಿ, ಇನ್ನೊಂದು ಹೋಳಾಗಿ.

"ಇದರ ಬಾಯಿ ಮುಚ್ಚಬೇಕು, ಸಿದರಾಯಾ" ಎಂದ. "ನಾ ಸತ್ತ ಮ್ಯಾಲೆ ಯಾರ ಕೈಗೆ ಹೋದರೂ ಹಾರಬಾರದು."

ಸಿದರಾಯ ನಳಿಗೆಯನ್ನು ಕಟ್ಟಿಗೆಯಿಂದ ಬಿಡಿಸಿ ಕೆಂಡದ ಮೇಲೆ ಹದವಾಗಿ ಬಿಸಿ ಮಾಡಿದ. ಪಾಯಪ್ಪ ಅಂಗಿ ತೆಗೆದಿಟ್ಟು, ಒಡೆದ ಪಿಸ್ತೂಲಿನ ಹಿತ್ತಾಳೆಯನ್ನೆಲ್ಲ ಮೂಸೆಗೆ ಹಾಕಿದ. ಪಟ್ಟಿ, ಉಂಗುರ, ಕಡೆಗೆ ಆ ಟೊಪ್ಪಿಗೆ. ಹಾಕುವ ಮೊದಲು ನಂಬರಿನ ಮೇಲೆ, ಎರಡು ಚುಕ್ಕಿಯ ಮೇಲೆ ಹೆಬ್ಬೆರಳು ಆಡಿಸಿದ. ಹಣಮಪ್ಪ ತಿದಿ ಎಳೆದ. ಹಿತ್ತಾಳೆ ಕರಗಿ ಬಿಳಿ ಹೊಗೆ ಎದ್ದಿತು. ಇಕ್ಕಳದಿಂದ ಮೂಸೆ ಹಿಡಿದು, ಅಪ್ಪ ಕಲಿಸಿದ ಹಾಗೆ ಉಸಿರು ಬಿಗಿಹಿಡಿದು, ಒಂದೇ ಧಾರೆಯಲ್ಲಿ ಒಂದು ಚುಕ್ಕಿಯದರ ನಳಿಗೆಯೊಳಗೆ ಹೊಯ್ದ. ಅರ್ಧ ನಳಿಗೆಗೆ ಬಂತು. ಅಷ್ಟು ಸಾಕಾಗಿತ್ತು.

ಬೊಡ್ಡೆಯೊಳಗೆ ಕಣ್ಣಿಗೆ ಕಾಣದ ಜೀವಗಳು ಎಷ್ಟು ಹೋದವೋ ಎಂದು ಮರುದಿನ ಪಾಯಪ್ಪ ಉಪವಾಸ ಮಾಡಿದ. ಅಂದಿನಿಂದ ಅವನು ಪಿಸ್ತೂಲು ಹುಡುಕಿಕೊಂಡು ಯಾವ ಊರಿಗೂ ಹೋಗಲಿಲ್ಲ. ಖಾನಾಪುರಕ್ಕೆ ಮಾತ್ರ ಹೋಗುತ್ತಿದ್ದ, ಹಣಮಪ್ಪನ ಪಕ್ಕದಲ್ಲಿ ಕುಲುಮೆಯ ಕಟ್ಟೆಯ ಮೇಲೆ ಸುಮ್ಮನೆ ಕೂತು ಬರುತ್ತಿದ್ದ.

ಉಪವಾಸದ ಆ ದಿನ ಮಧ್ಯಾಹ್ನ ಅವನು ಒಂದು ಚುಕ್ಕಿಯದನ್ನು ಪೆಟ್ಟಿಗೆಯಲ್ಲಿಡಲೆಂದು ಅಟ್ಟ ಹತ್ತಲು ಹೋಗಿ ತಲೆ ತಿರುಗಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅಕ್ಕಾತಾಯಿ ಬಂದು ನೋಡಿದಳು. ಅವನ ಕೈಯಲ್ಲಿದ್ದ ಪಿಸ್ತೂಲನ್ನು ತಾನೇ ತೆಗೆದುಕೊಂಡಳು. ತೆಗೆದುಕೊಂಡವಳ ಕೈ ಒಮ್ಮೆಲೇ ಕೆಳಗೆ ಜಗ್ಗಿತು.

"ಅಯ್ಯ, ಇದ್ಯಾಕ ಇಷ್ಟು ಭಾರ ಐತ್ರಿ?"

"ಅದರಾಗ ಎರಡು ಅದಾವ" ಎಂದ ಪಾಯಪ್ಪ.

ಅಕ್ಕಾತಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು, ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಇಟ್ಟು ಬಂದಳು.